ಚೀನಾ ಬಾಂಧವ್ಯದ ಏರಿಳಿತ ಮತ್ತು ಸಿಂಧನೂರು ಸೀಮೆಯ ಅಕ್ಕಿ

ಭತ್ತವನ್ನು ಗಿರಣಿಗೆ ಹಾಕಿದಾಗ ಹೊರಬೀಳುವುದು ಅಕ್ಕಿಯೊಂದೇ ಅಲ್ಲ. ಹೊಟ್ಟು ಬಾಯ್ಲರಿಗೂ ಇಟ್ಟಿಗೆ ಭಟ್ಟಿಗೂ ಹೋಗುತ್ತದೆ, ತೌಡು ಎಣ್ಣೆ ಕಾರ್ಖಾನೆಗೆ ಹೋಗುತ್ತದೆ, ನುಚ್ಚು ಕೋಳಿ ಆಹಾರಕ್ಕೂ ಮದ್ಯಸಾರದ ಘಟಕಗಳಿಗೂ ಹೋಗುತ್ತದೆ. ಸರ್ಕಾರಕ್ಕೆ ಅಕ್ಕಿ ಮಾಡಿಕೊಡುವ ಗಿರಣಿಗಳ ಲೆಕ್ಕದಲ್ಲಿ 100 ಕಿಲೋ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ ಬರಬೇಕು. ಆ ಅಕ್ಕಿಯಲ್ಲಿ ಶೇ. 25ರವರೆಗೆ ನುಚ್ಚಿಗೆ ಅವಕಾಶವುಂಟು. ಇಡೀ ಕಾಳಿನ ಅಕ್ಕಿಯಲ್ಲಿ ಪೈಪೋಟಿ ಹೆಚ್ಚು, ಉಳಿಯುವ ಅಂಚು ತೆಳು. ಗಿರಣಿಯ ವರ್ಷಾಂತ್ಯದ ಲಾಭವನ್ನು ಹಲವೊಮ್ಮೆ ತೌಡು ಮತ್ತು ನುಚ್ಚಿನ ಬೆಲೆಯೇ ನಿರ್ಧರಿಸುತ್ತದೆಂಬುದು ಸಿಂಧನೂರಿನ ಯಾವ ಗಿರಣಿ ಮಾಲೀಕರಿಗೂ ಹೊಸ ಸಂಗತಿಯಲ್ಲ.

ಈ ನುಚ್ಚಿನ ಬೆಲೆಯ ಹಿಂದೆ ಕೆಲಕಾಲ ಬೀಜಿಂಗ್ ಮತ್ತು ದೆಹಲಿಯ ನಿರ್ಧಾರಗಳು ನಿಂತಿದ್ದವು. 2018ರಿಂದ ಇತ್ತೀಚಿನವರೆಗೆ ನಡೆದ ಬೆಳವಣಿಗೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ, ಎರಡು ರಾಷ್ಟ್ರಗಳ ರಾಜತಾಂತ್ರಿಕ ಸಂಬಂಧ ಒಂದು ಸಂಸ್ಥೆಯ ವಹಿವಾಟನ್ನು ಎಲ್ಲಿ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಊಹಿಸುವುದಕ್ಕಿಂತ ಆ ಚಿತ್ರ ಬೇರೆಯೇ ಇದೆ.

ಕಾಲುವೆಯ ನಾಡು

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳಿಗೆ ನೀರುಣಿಸುತ್ತದೆ. ಒಂದು ಕಾಲಕ್ಕೆ ಜೋಳ, ಸಜ್ಜೆಯ ಸೀಮೆಯಾಗಿದ್ದ ಈ ಪ್ರದೇಶವನ್ನು ಸೋನಾ ಮಸೂರಿಯ ಕಣಜವಾಗಿಸಿದ್ದು ಇದೇ ಕಾಲುವೆ. ಕಾಲುವೆಯ ಪಕ್ಕದಲ್ಲಿ ಕ್ಯಾಂಪುಗಳು ಎದ್ದವು, ಕ್ಯಾಂಪುಗಳ ಹಿಂದೆಯೇ ಗಿರಣಿಗಳು ಬಂದವು. ಲಿಂಗಸುಗೂರಿನ ಕಥೆ ಸ್ವಲ್ಪ ಭಿನ್ನ. ಅಲ್ಲಿ ನಾರಾಯಣಪುರ ಬಲದಂಡೆಯ ನೀರು, ತೊಗರಿ, ಸಜ್ಜೆ, ಜೊತೆಗೆ ಹಟ್ಟಿಯ ಚಿನ್ನದ ಗಣಿ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿ ಇವೆರಡರ ನಡುವಿನ ಊರು. 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು, ಸಿರುಗುಪ್ಪ ಹಾದು ಬಳ್ಳಾರಿಗೆ ಹೋಗುತ್ತದೆ. ಇಲ್ಲಿಯ ಅಕ್ಕಿ ದಕ್ಷಿಣಕ್ಕೆ ಇಳಿಯುವ ದಾರಿಯೂ ಅದೇ. ದೂರದ ಅರಸರ ಬಳಿಗೆ ದೂತರನ್ನು ಕಳುಹಿಸಿದ ಅಶೋಕನ ಹೆಸರನ್ನು ನೇರವಾಗಿ ಹೇಳುವ ಶಾಸನ 1915ರಲ್ಲಿ ದೊರೆತದ್ದು ಈ ಮಸ್ಕಿಯ ಬೆಟ್ಟದಲ್ಲೇ. ಅದನ್ನು ಪತ್ತೆ ಹಚ್ಚಿದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುದೂ ಈ ಸೀಮೆಗೆ ತಕ್ಕುದೇ.

ಸಿಂಧನೂರಿನ ವ್ಯಾಪಾರವನ್ನು ಮೊದಲು ನಿರ್ಧರಿಸುವುದು ಜಲಾಶಯದ ಮಟ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ತೂಬುಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತದ್ದನ್ನು ನೆನೆದರೆ ಸಾಕು. ಆದರೆ ನೀರು ಬಂದು, ಭತ್ತ ಬೆಳೆದು, ಅಕ್ಕಿಯಾದ ಮೇಲೆ ಅದು ಯಾವ ಬಾಗಿಲಿನಿಂದ ಹೊರಗೆ ಹೋಗಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಆ ಬಾಗಿಲ ಕೀಲಿಕೈ ಇರುವುದು ಸರ್ಕಾರಗಳ ಕೈಯಲ್ಲಿ.

ಬಾಗಿಲು ತೆರೆದ ಬಗೆ

ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ಬೆಳೆಯುವ ಮತ್ತು ಉಣ್ಣುವ ದೇಶಗಳಲ್ಲಿ ಚೀನಾ ಒಂದು. ಆದರೂ ದಶಕಗಳ ಕಾಲ ಅದು ಭಾರತದ ಅಕ್ಕಿಯನ್ನು ಕೊಳ್ಳಲಿಲ್ಲ, ಗುಣಮಟ್ಟದ ಕಾರಣ ನೀಡುತ್ತಿತ್ತು. 2006ರಲ್ಲಿ ಸಸ್ಯ ಆರೋಗ್ಯ ನಿಯಮಗಳ ಬಗ್ಗೆ ಉಭಯ ದೇಶಗಳ ನಡುವೆ ಒಂದು ಒಡಂಬಡಿಕೆಯಾಯಿತು. ಅದರಿಂದ ಬಾಸ್ಮತಿಗೆ ಮಾತ್ರ ದಾರಿಯಾಯಿತು. ಸೋನಾ ಮಸೂರಿ ಬೆಳೆಯುವ ಸೀಮೆಗೆ ಅದರಿಂದ ಪ್ರಯೋಜನವಿರಲಿಲ್ಲ.

2017ರ ಜೂನ್‌ನಿಂದ ಆಗಸ್ಟ್‌ವರೆಗೆ ಡೋಕ್ಲಾಮ್‌ನಲ್ಲಿ ಎರಡೂ ಸೇನೆಗಳು 73 ದಿನ ಎದುರುಬದುರಾಗಿ ನಿಂತವು. ಆ ಬಿಗುವನ್ನು ಸಡಿಲಿಸಲು 2018ರ ಏಪ್ರಿಲ್‌ನಲ್ಲಿ ವುಹಾನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಅಧ್ಯಕ್ಷ ಷಿ ಜಿನ್‌ಪಿಂಗ್ ಅನೌಪಚಾರಿಕವಾಗಿ ಭೇಟಿಯಾದರು. ಇದಾಗಿ ಆರು ವಾರಗಳಲ್ಲಿ, 2018ರ ಜೂನ್ 9ರಂದು, ಚಿಂಗ್‌ದಾವ್‌ನ ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆಯ ಸಂದರ್ಭದಲ್ಲಿ 2006ರ ಒಡಂಬಡಿಕೆಗೆ ತಿದ್ದುಪಡಿಯಾಗಿ ಬಾಸ್ಮತಿಯೇತರ ಅಕ್ಕಿಗೂ ಅವಕಾಶ ದೊರೆಯಿತು. ಅದೇ ವೇಳೆ ಬ್ರಹ್ಮಪುತ್ರಾ ನದಿಯ ಪ್ರವಾಹದ ಮಾಹಿತಿ ಹಂಚಿಕೆಯ ಒಪ್ಪಂದಕ್ಕೂ ಸಹಿ ಬಿತ್ತು. ನದಿಯ ನೀರಿನ ಲೆಕ್ಕ, ಅಕ್ಕಿಯ ಲೆಕ್ಕ ಒಂದೇ ಮೇಜಿನ ಮೇಲಿದ್ದವು. ಸಂಬಂಧ ಸುಧಾರಿಸುತ್ತಿದೆ ಎಂದು ಲೋಕಕ್ಕೆ ತೋರಿಸಬೇಕಾದಾಗ ಕೃಷಿ ಉತ್ಪನ್ನಗಳಿಗೆ ಮಾರುಕಟ್ಟೆ ತೆರೆಯುವುದು ಅಗ್ಗದ ಉಡುಗೊರೆ ಎಂಬುದು ರಾಜತಾಂತ್ರಿಕ ವಲಯದಲ್ಲಿ ಹಳೆಯ ರೂಢಿ.

2018ರ ಸೆಪ್ಟೆಂಬರ್ ಕೊನೆಯಲ್ಲಿ ನಾಗಪುರದಿಂದ 100 ಟನ್ ಬಾಸ್ಮತಿಯೇತರ ಅಕ್ಕಿಯ ಮೊದಲ ಸರಕು ಚೀನಾದ ಸರ್ಕಾರಿ ಸಂಸ್ಥೆ ಕಾಫ್ಕೋಗೆ ಹೊರಟಿತು. ಆ ಹೊತ್ತಿಗೆ ದೇಶದಾದ್ಯಂತ 19 ಗಿರಣಿ ಮತ್ತು ಸಂಸ್ಕರಣಾ ಘಟಕಗಳು ಮಾತ್ರ ಚೀನಾಕ್ಕೆ ರಫ್ತು ಮಾಡಲು ನೋಂದಣಿ ಪಡೆದಿದ್ದವು. ಇಷ್ಟು ದೊಡ್ಡ ದೇಶದಲ್ಲಿ ಹತ್ತೊಂಬತ್ತು! ಒಪ್ಪಂದಕ್ಕೆ ಸಹಿ ಬೀಳುವುದು ಒಂದು ದಿನದ ಕೆಲಸ. ಒಂದೊಂದು ಗಿರಣಿಯ ಹೆಸರೂ ಚೀನಾದ ಸುಂಕ ಇಲಾಖೆಯ ಪಟ್ಟಿಗೆ ಏರುವುದು ಬೇರೆಯೇ ಕೆಲಸ.

ಮತ್ತೊಂದು ತೊಡಕನ್ನೂ ಇಲ್ಲಿ ಹೇಳಬೇಕು. ವಿಶ್ವ ವ್ಯಾಪಾರ ಸಂಘಟನೆಗೆ ಸೇರುವಾಗ ಚೀನಾ ಒಪ್ಪಿಕೊಂಡಂತೆ ವರ್ಷಕ್ಕೆ 53.2 ಲಕ್ಷ ಟನ್ ಅಕ್ಕಿ ಶೇ. 1ರ ಸುಂಕದಲ್ಲಿ ಒಳಬರಬಹುದು. ಅದನ್ನು ಮೀರಿದ ಅಕ್ಕಿಗೆ ಶೇ. 65 ಸುಂಕ. ಈ ಪಾಲಿನ ಅರ್ಧ ಸರ್ಕಾರಿ ವ್ಯಾಪಾರ ಸಂಸ್ಥೆಗೆ ಮೀಸಲು. ಆದ್ದರಿಂದ ಚೀನಾದಲ್ಲಿ ಅಕ್ಕಿ ಮಾರಲು ಹೊರಟವರ ಎದುರಿಗೆ ಅಂಗಡಿಯವರಷ್ಟೇ ಅಲ್ಲ, ಸರ್ಕಾರವೂ ಕುಳಿತಿರುತ್ತದೆ. ಅಮೆರಿಕ ಅಥವಾ ದುಬೈಗೆ ಸೋನಾ ಮಸೂರಿ ಕಳುಹಿಸುವ ವ್ಯವಹಾರಕ್ಕೂ ಇದಕ್ಕೂ ಇರುವ ಅಂತರ ಇದೇ.

ಗಡಿಯಲ್ಲಿ ರಕ್ತ, ಬಂದರಿನಲ್ಲಿ ನುಚ್ಚು

2020ರ ಜೂನ್ 15ರ ರಾತ್ರಿ ಗಾಲ್ವನ್ ಕಣಿವೆಯಲ್ಲಿ ನಡೆದ ಘರ್ಷಣೆಯಲ್ಲಿ ಭಾರತದ 20 ಯೋಧರು ಹುತಾತ್ಮರಾದರು. ಅದಕ್ಕೆ ಎರಡು ತಿಂಗಳ ಮುನ್ನವೇ, ಏಪ್ರಿಲ್ 17ರಂದು, ಗಡಿ ಹಂಚಿಕೊಂಡ ದೇಶಗಳಿಂದ ಬರುವ ಬಂಡವಾಳಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಗಿತ್ತು. ಜೂನ್ 29ರಂದು ಚೀನಾ ಮೂಲದ 59 ಮೊಬೈಲ್ ತಂತ್ರಾಂಶಗಳನ್ನು ನಿಷೇಧಿಸಲಾಯಿತು. ಬಂದರುಗಳಲ್ಲಿ ಚೀನಾದ ಸರಕಿನ ಪ್ರತಿ ಪೆಟ್ಟಿಗೆಯ ತಪಾಸಣೆ ಆರಂಭವಾಯಿತು. ಪ್ರತಿಯಾಗಿ ಹಾಂಗ್‌ಕಾಂಗ್ ಮತ್ತು ಚೀನಾದ ಸುಂಕ ಕಟ್ಟೆಗಳಲ್ಲಿ ಭಾರತದ ಸರಕುಗಳು ನಿಂತಿವೆ ಎಂದು ರಫ್ತುದಾರರ ಒಕ್ಕೂಟ ಕೇಂದ್ರಕ್ಕೆ ಬರೆಯಿತು. ಚೀನಾದ ಸರಕನ್ನು ಬಹಿಷ್ಕರಿಸುವ ಕೂಗು ಪೇಟೆ ಪೇಟೆಯಲ್ಲೂ ಕೇಳಿಬಂದ ದಿನಗಳವು.

ಹೀಗಿರುವಾಗ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಸುದ್ದಿ ವ್ಯಾಪಾರ ವಲಯವನ್ನು ಚಕಿತಗೊಳಿಸಿತು. ಮೂರು ದಶಕಗಳಲ್ಲಿ ಮೊದಲ ಬಾರಿಗೆ ಚೀನಾ ಭಾರತದಿಂದ ಗಣನೀಯ ಪ್ರಮಾಣದ ಅಕ್ಕಿ ಕೊಳ್ಳಲು ಮುಂದಾಗಿತ್ತು. ಟನ್ನಿಗೆ ಸುಮಾರು 300 ಡಾಲರ್ ದರದಲ್ಲಿ ಒಂದು ಲಕ್ಷ ಟನ್ ನುಚ್ಚಕ್ಕಿಯ ಒಪ್ಪಂದ ಅದು. ಕಾರಣ ಸರಳ. ಥಾಯ್ಲೆಂಡ್, ವಿಯೆಟ್ನಾಂ, ಮ್ಯಾನ್ಮಾರ್, ಪಾಕಿಸ್ತಾನಗಳಲ್ಲಿ ಸರಕು ಕಡಿಮೆಯಿತ್ತು. ಅಲ್ಲಿಯವರು ಟನ್ನಿಗೆ ಕನಿಷ್ಠ 30 ಡಾಲರ್ ಹೆಚ್ಚು ಕೇಳುತ್ತಿದ್ದರು. ಚೀನಾದೊಳಗೆ ಮೆಕ್ಕೆಜೋಳದ ಬೆಲೆ ಏರಿದ್ದರಿಂದ ಪಶು ಆಹಾರ ಮಾಡುವವರಿಗೆ ಅಗ್ಗದ ಧಾನ್ಯ ಬೇಕಾಗಿತ್ತು. ಶಾವಿಗೆ ಮತ್ತು ಮದ್ಯ ತಯಾರಕರಿಗೂ ನುಚ್ಚು ಬೇಕಿತ್ತು.

2021-22ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಅಕ್ಕಿ ಸುಮಾರು 16 ಲಕ್ಷ ಟನ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನುಚ್ಚು. ಭಾರತದ ನುಚ್ಚಕ್ಕಿಗೆ ಆ ವರ್ಷ ಚೀನಾವೇ ಅತಿ ದೊಡ್ಡ ಗಿರಾಕಿ. ಬಾಂಧವ್ಯ ಚೆನ್ನಾಗಿದ್ದ 2018-19ರಲ್ಲಿ ತೆರೆದ ಬಾಗಿಲಿನಿಂದ ಹೆಚ್ಚೇನೂ ಹೋಗಲಿಲ್ಲ. 1962ರ ತರುವಾಯ ಗಡಿಯಲ್ಲಿ ಅತ್ಯಂತ ಕೆಟ್ಟ ದಿನಗಳು ಬಂದಾಗ ಹಡಗುಗಟ್ಟಲೆ ಹೋಯಿತು.

ಇದರಿಂದ ರಾಜತಾಂತ್ರಿಕತೆ ವ್ಯಾಪಾರಕ್ಕೆ ಅಪ್ರಸ್ತುತವೆಂದು ತೀರ್ಮಾನಿಸುವುದು ಅವಸರವಾದೀತು. 2018ರ ಸಹಿ ಇಲ್ಲದಿದ್ದರೆ 2020ರಲ್ಲಿ ಎಷ್ಟೇ ಅಗ್ಗವಾಗಿದ್ದರೂ ಒಂದು ಚೀಲವೂ ಹೋಗುತ್ತಿರಲಿಲ್ಲ. ಬಾಂಧವ್ಯ ಅನುಮತಿ ಕೊಟ್ಟಿತ್ತು. ಬೆಲೆ ವ್ಯಾಪಾರ ಮಾಡಿಸಿತು. ಗಡಿ ಜಗಳ ಜೋರಾದಾಗಲೂ ಚೀನಾ ಆ ಅನುಮತಿಯನ್ನು ಹಿಂತೆಗೆದುಕೊಳ್ಳಲಿಲ್ಲ, ಏಕೆಂದರೆ ಸರಕು ಅದಕ್ಕೇ ಬೇಕಾಗಿತ್ತು.

ಸಿಂಧನೂರಿನ ನುಚ್ಚಿನ ಚೀಲವೇ ಷೆನ್‌ಜೆನ್‌ಗೆ ಹೋಗಿರಬೇಕೆಂದೇನೂ ಇಲ್ಲ. ಕಾಕಿನಾಡದಂತಹ ಬಂದರುಗಳ ಹಿಂದಿನ ಗಿರಣಿಗಳಿಗೆ ಸಾಗಣೆ ವೆಚ್ಚ ಕಡಿಮೆ. ಆದರೆ ನುಚ್ಚಿನ ಪೇಟೆ ದೇಶಕ್ಕೆಲ್ಲ ಒಂದೇ. ಕರಾವಳಿಯ ಸರಕು ಹಡಗು ಹತ್ತಿದರೆ ಕೋಳಿ ಸಾಕಣೆದಾರರೂ ಮದ್ಯಸಾರದ ಕಾರ್ಖಾನೆಯವರೂ ಒಳನಾಡಿನ ಗಿರಣಿಗಳತ್ತ ತಿರುಗುತ್ತಾರೆ, ದರ ಏರುತ್ತದೆ. ಕೇಂದ್ರ ಸರ್ಕಾರವೇ ನೀಡಿದ ಅಂಕಿಯಂತೆ 2022ರ ಆರಂಭದಲ್ಲಿ ಕಿಲೋಗೆ 16 ರೂಪಾಯಿ ಇದ್ದ ನುಚ್ಚು ಸೆಪ್ಟೆಂಬರ್ ಹೊತ್ತಿಗೆ ಸುಮಾರು 22 ರೂಪಾಯಿ ಮುಟ್ಟಿತ್ತು.

ಬಾಗಿಲು ಮುಚ್ಚಿದ್ದು ದೆಹಲಿ

ಆ ಏರಿಕೆಯೇ ವ್ಯಾಪಾರಕ್ಕೆ ಮುಳುವಾಯಿತು. ಮಳೆ ಕೊರತೆಯಿಂದ ಭತ್ತದ ಬಿತ್ತನೆ ಕುಗ್ಗಿ, ಕೋಳಿ ಆಹಾರದ ಬೆಲೆ ಹೆಚ್ಚಿದ್ದರಿಂದ 2022ರ ಸೆಪ್ಟೆಂಬರ್ 9ರಿಂದ ನುಚ್ಚಕ್ಕಿ ರಫ್ತನ್ನು ಕೇಂದ್ರ ನಿಷೇಧಿಸಿತು. ಬಾಸ್ಮತಿಯೇತರ ಬೆಳ್ತಿಗೆ ಅಕ್ಕಿಗೆ ಶೇ. 20 ರಫ್ತು ಸುಂಕ ವಿಧಿಸಿತು. ಬಂದರಿಗೆ ಬಂದಿದ್ದ ಸರಕುಗಳು ಅಲ್ಲೇ ಸಿಲುಕಿದವು. ಹಳೆಯ ದರಕ್ಕೆ ಮಾತಾಡಿದ ಗಿರಾಕಿ ಹೆಚ್ಚುವರಿ ಸುಂಕ ಕೊಡಲು ಒಪ್ಪಲಿಲ್ಲ. 2023ರ ಜುಲೈ 20ರಂದು ಬಾಸ್ಮತಿಯೇತರ ಬೆಳ್ತಿಗೆ ಅಕ್ಕಿಯ ರಫ್ತೂ ಪೂರ್ತಿ ನಿಂತಿತು, ಆಗಸ್ಟ್‌ನಲ್ಲಿ ಕುಸುಬಲಕ್ಕಿಗೂ ಶೇ. 20 ಸುಂಕ ಬಿತ್ತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯ ಚೀಲಕ್ಕಾಗಿ ನೂಕುನುಗ್ಗಲಾದದ್ದು ಆ ಜುಲೈನಲ್ಲಿಯೇ.

ಈ ನಿಷೇಧಕ್ಕೂ ಚೀನಾ ಬಾಂಧವ್ಯಕ್ಕೂ ಸಂಬಂಧವಿರಲಿಲ್ಲ. ಆದರೆ ನಿಷೇಧ ಜಾರಿಯಾದ ಮೇಲೆ ರಾಜತಾಂತ್ರಿಕತೆ ಹಿಂದೆಂದೂ ಇಲ್ಲದಷ್ಟು ಮುಖ್ಯವಾಯಿತು. ಆಹಾರ ಭದ್ರತೆಗಾಗಿ ಕೋರಿದ ದೇಶಗಳಿಗೆ ಸರ್ಕಾರದ ಮಟ್ಟದಲ್ಲಿ ಮಾತ್ರ, ರಾಷ್ಟ್ರೀಯ ಸಹಕಾರ ರಫ್ತು ಸಂಸ್ಥೆಯ ಮೂಲಕ ಅಕ್ಕಿ ಹೋಗಲಾರಂಭಿಸಿತು. 2023ರ ಆಗಸ್ಟ್‌ನಲ್ಲಿ ಭೂತಾನ್‌ಗೆ 79,000 ಟನ್, ಸಿಂಗಪುರಕ್ಕೆ 50,000, ಮಾರಿಷಸ್‌ಗೆ 14,000. ಸೆಪ್ಟೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ 75,000. ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸ್‌ಗೆ 2,95,000, ಕ್ಯಾಮರೂನ್‌ಗೆ 1,90,000, ಮಲೇಷ್ಯಾಕ್ಕೆ 1,70,000, ನೇಪಾಳಕ್ಕೆ 95,000, ಸೇಷೆಲ್ಸ್‌ಗೆ 800 ಟನ್. ಈ ಹಂಚಿಕೆಗಳಲ್ಲಿ ಚೀನಾದ ಹೆಸರಿರಲಿಲ್ಲ. ಎರಡು ವರ್ಷದ ಹಿಂದೆ ಅತಿ ದೊಡ್ಡ ಗಿರಾಕಿಯಾಗಿದ್ದ ದೇಶ ಪಟ್ಟಿಯಿಂದ ಹೊರಗುಳಿಯಿತು. ಮುಕ್ತ ವ್ಯಾಪಾರವಿದ್ದಾಗ ಗಿರಾಕಿಯ ಹಣ ಮಾತನಾಡುತ್ತದೆ. ಮುಕ್ತ ವ್ಯಾಪಾರ ನಿಂತ ದಿನ ರಾಯಭಾರ ಕಚೇರಿಯ ಪತ್ರ ಮಾತನಾಡುತ್ತದೆ. ಚೀನಾದೊಂದಿಗೆ ವಹಿವಾಟು ಇಟ್ಟುಕೊಳ್ಳುವ ಸಂಸ್ಥೆಗೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

2024ರ ಸೆಪ್ಟೆಂಬರ್ 28ರಂದು ಬೆಳ್ತಿಗೆ ಅಕ್ಕಿಯ ಮೇಲಿನ ನಿಷೇಧವನ್ನು ಟನ್ನಿಗೆ 490 ಡಾಲರ್ ಕನಿಷ್ಠ ದರದೊಂದಿಗೆ ತೆಗೆಯಲಾಯಿತು, ಅಕ್ಟೋಬರ್‌ನಲ್ಲಿ ಆ ಕನಿಷ್ಠ ದರವೂ ಹೋಯಿತು. ನುಚ್ಚಕ್ಕಿಯ ಸರದಿ ಬಂದದ್ದು 2025ರ ಮಾರ್ಚ್ 7ರಂದು. ಎರಡೂವರೆ ವರ್ಷ! ಅಷ್ಟರಲ್ಲಿ ಚೀನಾದ ಪಶು ಆಹಾರ ತಯಾರಕರು ಕಾಯುತ್ತ ಕುಳಿತಿರಲಿಲ್ಲ.

ಬಳ್ಳಾರಿಯ ಅದಿರು, ಕುದುರೆಮುಖದ ಇರಾನ್

ಈ ಬಗೆಯ ಅನುಭವ ಕರ್ನಾಟಕಕ್ಕೆ ಮೊದಲನೆಯದಲ್ಲ. 150ಎ ಹೆದ್ದಾರಿಯ ಆಚೆ ತುದಿಯಲ್ಲಿ ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕುಲುಮೆಗಳಿಗೆ ಹರಿಯಿತು. 2005ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವ್ ತಮ್ಮ ಭಾರತ ಪ್ರವಾಸವನ್ನು ಬೆಂಗಳೂರಿನಿಂದಲೇ ಆರಂಭಿಸಿದ್ದರು, ಬಾಂಧವ್ಯ ಹಿತಕರವಾಗಿತ್ತು. ಆದರೆ ಅದಿರಿನ ವ್ಯಾಪಾರ ನಿಂತದ್ದು ಬಾಂಧವ್ಯ ಕೆಟ್ಟು ಅಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು. ಅಕ್ರಮದ ಪ್ರಮಾಣ ನೋಡಿದರೆ ಆ ಕ್ರಮ ಬೇಕಾಗಿತ್ತು. ಸಕ್ರಮವಾಗಿ ಲಾರಿ ಕೊಂಡವರೂ ಮುಳುಗಿದರು ಎಂಬುದೂ ನಿಜ. ರಾಜ್ಯದ ಅದಿರು ಮತ್ತೆ ಹೊರದೇಶಕ್ಕೆ ಹೋಗಬಹುದೆಂದು ಅದೇ ನ್ಯಾಯಾಲಯ ಹೇಳಿದ್ದು 2022ರ ಮೇ 20ರಂದು.

ರಾಜತಾಂತ್ರಿಕ ಏರುಪೇರಿಗೆ ನೇರವಾಗಿ ಸಿಲುಕಿದ ಸಂಸ್ಥೆ ಬೇಕಾದರೆ ಕುದುರೆಮುಖವಿದೆ. 1976ರಲ್ಲಿ ಆರಂಭವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಗೆ ಬಂಡವಾಳ ಕೊಡುವವರೂ ಸರಕು ಕೊಳ್ಳುವವರೂ ಇರಾನಿನವರೇ. 63 ಕೋಟಿ ಡಾಲರ್ ಸಾಲ, 15 ಕೋಟಿ ಟನ್ ಅದಿರಿನ ಖರೀದಿ ಎಂದು ಮಾತಾಗಿತ್ತು. 1979ರ ಕ್ರಾಂತಿಯಲ್ಲಿ ಷಾ ಅಧಿಕಾರ ಕಳೆದುಕೊಂಡರು. ಹಣ ಮಧ್ಯದಲ್ಲೇ ನಿಂತಿತು, ಗಿರಾಕಿಯೂ ಕೈಬಿಟ್ಟರು. ಕಾರ್ಖಾನೆ ಸಿದ್ಧವಾದಾಗ ಸರಕು ಕೊಳ್ಳುವವರಿರಲಿಲ್ಲ. ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಿ, ಮಂಗಳೂರಿನಲ್ಲಿ ಉಂಡೆ ಅದಿರಿನ ಘಟಕ ಕಟ್ಟಿ ಉಳಿದುಕೊಂಡಿತು. ಮುಂದೆ ಅದರ ಗಿರಾಕಿಗಳಲ್ಲಿ ಚೀನಾವೂ ಸೇರಿತು.

ಹೊರಗಿನ ಉದಾಹರಣೆಗಳು ಇನ್ನೂ ಕಠೋರ. ಕ್ಷಿಪಣಿ ನಿರೋಧಕ ವ್ಯವಸ್ಥೆಗೆ ತನ್ನ ಜಾಗ ಬಿಟ್ಟುಕೊಟ್ಟದ್ದಕ್ಕಾಗಿ ದಕ್ಷಿಣ ಕೊರಿಯಾದ ಲೊಟ್ಟೆ ಕಂಪನಿ 2017ರಲ್ಲಿ ಚೀನಾದಲ್ಲಿನ ಬಹುಪಾಲು ಮಳಿಗೆಗಳಿಗೆ ಬೀಗ ಹಾಕಿಸಿಕೊಂಡಿತು, ಅಗ್ನಿ ಸುರಕ್ಷತೆಯ ಲೋಪ ಎಂಬ ಕಾರಣ ನೀಡಲಾಗಿತ್ತು. ಕೊರೊನಾ ಮೂಲದ ತನಿಖೆ ಕೇಳಿದ ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ 2020ರ ಮೇ ತಿಂಗಳಲ್ಲಿ ಶೇ. 80ಕ್ಕೂ ಮೀರಿದ ಸುಂಕ ಬಿದ್ದಿತು, ತೆಗೆದದ್ದು 2023ರಲ್ಲಿ. ಎರಡರಲ್ಲೂ ಕಾಗದದ ಮೇಲಿನ ಕಾರಣ ತಾಂತ್ರಿಕವಾದುದು. ಚೀನಾದ ಅಸಮಾಧಾನ ಬಹುಪಾಲು ತಪಾಸಣಾ ವರದಿಯ ರೂಪದಲ್ಲಿ ಬರುತ್ತದೆ ಎಂಬುದನ್ನು ಧಾನ್ಯ ವ್ಯಾಪಾರಿಗಳು ನೆನಪಿಡಬೇಕು. ಧಾನ್ಯದಲ್ಲಿ ಒಂದು ಹುಳು ಹುಡುಕುವುದು ಕಷ್ಟವೇನಲ್ಲ.

ಬರುವ ಸರಕಿನ ಕಡೆಯಿಂದ

ಸಿಂಧನೂರು, ಮಸ್ಕಿಗಳ ಪೇಟೆಗೆ ಚೀನಾ ಹೆಚ್ಚು ತಟ್ಟುವುದು ಮಾರುವ ಕಡೆಯಿಂದಲ್ಲ, ಕೊಳ್ಳುವ ಕಡೆಯಿಂದ. 2024-25ರಲ್ಲಿ ಚೀನಾದಿಂದ ಭಾರತ ತರಿಸಿಕೊಂಡದ್ದು ಸುಮಾರು 113 ಶತಕೋಟಿ ಡಾಲರ್ ಮೌಲ್ಯದ ಸರಕು, ಕಳುಹಿಸಿದ್ದು 14 ಶತಕೋಟಿಗಿಂತ ಸ್ವಲ್ಪ ಹೆಚ್ಚು. ಗಾಲ್ವನ್‌ಗೆ ಮುಂಚಿನ 2019-20ರಲ್ಲಿ ಆಮದು ಸುಮಾರು 65 ಶತಕೋಟಿ ಇತ್ತು. ಬಹಿಷ್ಕಾರದ ಕೂಗಿನ ಐದು ವರ್ಷಗಳ ಫಲಿತಾಂಶ ಇದು.

ಭತ್ತದ ಸೀಮೆಗೆ ಇದರಲ್ಲಿ ಮುಖ್ಯವಾದುದು ಗೊಬ್ಬರ. ಚೀನಾ 2021ರ ಅಕ್ಟೋಬರ್‌ನಿಂದ ಗೊಬ್ಬರದ ರಫ್ತಿಗೆ ಕಡ್ಡಾಯ ತಪಾಸಣೆ ವಿಧಿಸಿತು. ಅದರ ಪ್ರಕಟಿತ ಉದ್ದೇಶ ಸ್ವದೇಶಿ ರೈತರಿಗೆ ಸರಕು ಉಳಿಸುವುದು. 2023-24ರಲ್ಲಿ ಚೀನಾದಿಂದ ಸುಮಾರು 23 ಲಕ್ಷ ಟನ್ ಡಿಎಪಿ ಬಂದಿತ್ತು. 2024-25ರಲ್ಲಿ ಅದು ಸುಮಾರು 8.5 ಲಕ್ಷ ಟನ್ನಿಗೆ ಇಳಿಯಿತು. ನೀರಿನಲ್ಲಿ ಕರಗುವ ವಿಶೇಷ ಗೊಬ್ಬರಗಳ ವಿಷಯದಲ್ಲಿ ಬೇರೆ ದೇಶಗಳಿಗೆ ಹೋಗುವ ಸರಕಿಗೆ ತಪಾಸಣೆ ನಡೆಯುತ್ತಿದೆ, ಭಾರತಕ್ಕೆ ಬರುವುದಕ್ಕೆ ಮಾತ್ರ ಅಧಿಕಾರಿಗಳು ಬರುತ್ತಿಲ್ಲ ಎಂದು 2025ರಲ್ಲಿ ಆಮದುದಾರರು ದೂರಿದರು. ನಿಷೇಧದ ಆದೇಶವಿಲ್ಲ, ಪತ್ರವಿಲ್ಲ, ತಪಾಸಣೆ ಮಾತ್ರ ಆಗುತ್ತಿಲ್ಲ. ನಾಟಿಯ ಹೊತ್ತಿಗೆ ಡಿಎಪಿ ಸಿಗದೆ ಸೊಸೈಟಿಯ ಮುಂದೆ ಸಾಲು ನಿಲ್ಲುವ ರೈತನಿಗೆ ಲಡಾಖ್ ದೂರದ ಊರು. ಆದರೆ ಆ ಸಾಲಿನ ಉದ್ದಕ್ಕೆ ಅದೂ ಒಂದು ಕಾರಣವಾಗಿರಬಹುದು.

ಗಿರಣಿಯೊಳಗೂ ಇದೇ ಮಾತು. ಕಪ್ಪು ಕಾಳು, ಕಲ್ಲು, ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಹೊರಗೆಸೆಯುವ ಯಂತ್ರವನ್ನು ಇಲ್ಲಿ ಸಾರ್ಟೆಕ್ಸ್ ಎಂದೇ ಕರೆಯುತ್ತಾರೆ. ಅದು ಒಂದು ಬ್ರಿಟಿಷ್ ಕಂಪನಿಯ ಹೆಸರು, ಊರಿನ ಬಾಯಲ್ಲಿ ಯಂತ್ರದ ಹೆಸರಾಯಿತು. ಅದರ ಅಗ್ಗದ ಮಾದರಿಗಳು ಬರುವುದು ಚೀನಾದ ಅನ್‌ಹುಯಿ ಪ್ರಾಂತ್ಯದ ಹೆಫೇ ನಗರದಿಂದ. ಯಂತ್ರ ಹಡಗಿನಲ್ಲಿ ಬರಬಹುದು, ಆದರೆ ಜೋಡಿಸಲು ಬರಬೇಕಾದ ತಂತ್ರಜ್ಞನಿಗೆ 2020ರ ನಂತರ ವೀಸಾ ಸಿಗುವುದು ಕಷ್ಟವಾಯಿತು. ನೇರ ವಿಮಾನಗಳೂ ಐದು ವರ್ಷ ಇರಲಿಲ್ಲ. ದೇಶದ ದೊಡ್ಡ ಕೈಗಾರಿಕೆಗಳೂ ಇದೇ ದೂರನ್ನು ಹೇಳಿಕೊಂಡಿದ್ದವು. ದೊಡ್ಡವರ ಮಾತು ದೆಹಲಿಗೆ ಕೇಳುತ್ತದೆ. ಗಿರಣಿಯವರು ಸ್ಥಳೀಯ ಮೆಕ್ಯಾನಿಕ್‌ನನ್ನೂ ಮೊಬೈಲಿನ ವಿಡಿಯೋವನ್ನೂ ನಂಬಿಕೊಂಡು ಕೆಲಸ ಸಾಗಿಸಬೇಕು.

ಮತ್ತೆ ತೆರೆದ ದಾರಿ

2024ರ ಅಕ್ಟೋಬರ್ 21ರಂದು ವಾಸ್ತವ ನಿಯಂತ್ರಣ ರೇಖೆಯ ಗಸ್ತಿನ ಬಗ್ಗೆ ಒಪ್ಪಂದವಾದುದಾಗಿ ಭಾರತ ಪ್ರಕಟಿಸಿತು, ಎರಡು ದಿನಗಳ ನಂತರ ಕಜಾನ್‌ನಲ್ಲಿ ಉಭಯ ನಾಯಕರು ಭೇಟಿಯಾದರು. 2025ರ ಆಗಸ್ಟ್‌ನಲ್ಲಿ ದೆಹಲಿಗೆ ಬಂದ ವಿದೇಶಾಂಗ ಸಚಿವ ವಾಂಗ್ ಯಿ ಗೊಬ್ಬರ, ವಿರಳ ಖನಿಜ, ಸುರಂಗ ಕೊರೆಯುವ ಯಂತ್ರಗಳ ವಿಷಯದಲ್ಲಿ ಭಾರತದ ಕೋರಿಕೆಯನ್ನು ಪರಿಗಣಿಸುವ ಭರವಸೆ ನೀಡಿದರು. ಅದೇ ತಿಂಗಳ ಕೊನೆಯಲ್ಲಿ ಪ್ರಧಾನಿ ಟಿಯಾನ್‌ಜಿನ್‌ಗೆ ಹೋದರು. ಅಕ್ಟೋಬರ್ 26ರಂದು ಕೋಲ್ಕತಾದಿಂದ ಗುವಾಂಗ್‌ಝೌಗೆ ವಿಮಾನ ಹಾರಿತು. ಅಮೆರಿಕ ಭಾರತದ ಸರಕಿನ ಮೇಲೆ ಶೇ. 50ರವರೆಗೆ ಸುಂಕ ಹೇರಿದ ತಿಂಗಳೂ ಆ ಆಗಸ್ಟ್‌ ಆಗಿದ್ದುದು ಆಕಸ್ಮಿಕವಲ್ಲವೆಂದು ವ್ಯಾಪಾರ ವಲಯದ ಅನೇಕರು ಭಾವಿಸಿದರು. ಗೊಬ್ಬರದಂತಹ ಕೋರಿಕೆಗೆ ಚೀನಾದ ಸಚಿವರು ದೆಹಲಿಯಲ್ಲಿ ಕುಳಿತು ಉತ್ತರಿಸಬೇಕಾಯಿತೆಂದರೆ, ಅದುವರೆಗಿನ ವಿಳಂಬ ಕೇವಲ ತಾಂತ್ರಿಕವಾಗಿರಲಿಲ್ಲವೆಂದೇ ಅರ್ಥ.

ಚೀನಾದತ್ತ ನೋಡುವ ಗಿರಣಿಗೆ ಇರುವ ಮೊದಲ ಮೆಟ್ಟಿಲು ಈಗಲೂ ನೋಂದಣಿಯೇ. ಘಟಕದ ಹೆಸರು ಭಾರತದ ಸಸ್ಯ ಸಂರಕ್ಷಣಾ ಸಂಸ್ಥೆಯ ಮೂಲಕ ಚೀನಾದ ಸುಂಕ ಆಡಳಿತಕ್ಕೆ ಹೋಗಬೇಕು. 2022ರ ಜನವರಿ 1ರಿಂದ ಚೀನಾ ಜಾರಿಗೆ ತಂದ ನಿಯಮಗಳಲ್ಲಿ ಇಂತಹ ನೋಂದಣಿಯ ಅವಧಿ ಐದು ವರ್ಷ ಎಂದಿತ್ತು. ಉಗ್ರಾಣದಲ್ಲಿ ಹಳೆಯ ಸರಕು, ಹೊಸ ಸರಕು ಬೇರೆ ಬೇರೆ ಇಡುವುದು, ಧೂಮೀಕರಣದ ದಾಖಲೆ ಇಡುವುದು, ಜೀವಂತ ಕೀಟ, ಮಣ್ಣು, ಕಳೆಬೀಜ ಇಲ್ಲದಂತೆ ನೋಡಿಕೊಳ್ಳುವುದು ಇವೆಲ್ಲ ಚೀನಾಕ್ಕೆ ಒಂದು ಚೀಲ ಹೋಗದಿದ್ದರೂ ಇತರ ಗಿರಾಕಿಗಳ ಮುಂದೆ ಬೆಲೆ ತರುವ ಕೆಲಸಗಳು. ಖರ್ಚಿನ ಲೆಕ್ಕವನ್ನು ಆ ದೃಷ್ಟಿಯಿಂದ ಹಾಕಿದರೆ ನೋಂದಣಿ ದುಬಾರಿಯಲ್ಲ. ಚೀನಾದ ಒಂದೇ ಖರೀದಿಯನ್ನು ನಂಬಿ ಸಾಲ ಮಾಡಿ ಹೊಸ ಘಟಕ ಕಟ್ಟುವುದು ದುಬಾರಿ. ಒಪ್ಪಂದ ಬರೆಯುವಾಗ ರಫ್ತು ನಿಷೇಧ ಅಥವಾ ಹೊಸ ಸುಂಕ ಬಂದರೆ ಭಾರ ಯಾರದೆಂಬ ಒಂದು ಸಾಲು ಇರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಂದರಿನಲ್ಲಿ ಸಿಲುಕಿದವರಿಗೆ ಆ ಸಾಲಿನ ಬೆಲೆ ಗೊತ್ತು.

ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ; 1997-98ರಲ್ಲಿ ಮಂಜೂರಾದ ಮಾರ್ಗ ಅದು. ರಾಯಚೂರಿನ ತನಕ ಹಳಿ ಪೂರ್ಣಗೊಂಡು ಸರಕು ಗಾಡಿಗಳು ಓಡಿದ ದಿನ ಪೂರ್ವ ಕರಾವಳಿಯ ಬಂದರುಗಳಿಗೆ ಇಲ್ಲಿಂದ ಹೋಗುವ ಚೀಲದ ಬಾಡಿಗೆ ಇಳಿಯುತ್ತದೆ. ಕಾಕಿನಾಡದ ಹಿಂದಿನ ಗಿರಣಿಯವರಿಗೆ ಇಷ್ಟು ಕಾಲ ಇದ್ದ ಅನುಕೂಲದಲ್ಲಿ ಅಷ್ಟರಮಟ್ಟಿಗೆ ಕಡಿತವಾಗುತ್ತದೆ.